ಲಾಭ, ಎರಡು, ಮೂರು

ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲು ಮುಗಿಯುವಲ್ಲಿ
ದಸ್ತಗೀರನ ಫೋಟೋ ಸ್ಟುಡಿಯೋ.
ಮೇಜಿನ ಕೆಳಗಿನ ಕಂಪ್ಯೂಟರು ಬೆಳ್ಳಗೆ ಬಂದದ್ದು,
ಈಗ ಒಲೆಗೋಡೆಯ ಬಣ್ಣ.
ಫ್ಯಾನು ತಿರುಗಿದರೆ ಸುಟ್ಟ ಟೈರಿನ ವಾಸನೆ.

“ಹೊಸದು ತಗೋಬಾರ್ದಾ?”
“ಇದ್ಕೇನ್ ಧಾಡಿ ಆಗೈತವ್ವ? ನೀನು ಲಿನಕ್ಸ್ ಹಾಕಿ ಹತ್ತು ವರ್ಷ,
ಒಂದಿನ ಮಲಗಿಲ್ಲ. ಜಾಗ ಒಂದು ಸಾಲಂಗಿಲ್ಲ.”
ತೊಳೆದ ಟವೆಲಿನಲ್ಲಿ ಸುತ್ತಿದ ಡಿಸ್ಕು, ಐನೂರು ಜಿಬಿ,
ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕದ್ದಂತೆ.

ಸಿಕ್ಕಿಸಿ ಗುಂಡಿ ಒತ್ತಿದೆ.
ಬಯೋಸು ಎಣಿಸತೊಡಗಿತು. ಮೂವತ್ತೆರಡರಾಚೆ
ಅದಕ್ಕೆ ಎಣಿಕೆಯೇ ಇಲ್ಲ. ನಿಂತುಬಿಟ್ಟಿತು,
ಕರ್ಸರ್ ಮಿಟುಕಿಸುತ್ತ,
ಹೆಸರು ಮರೆತವರು ನಮ್ಮ ಮುಖ ನೋಡುವ ಹಾಗೆ.

ನಮ್ಮವ್ವ ಮೌಲವ್ವನಿಗೂ ಇಪ್ಪತ್ತರ ತನಕವೇ.
ಮಂಡಕ್ಕಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ,
ಲಾಭ ಅನ್ನುತ್ತಿದ್ದಳು.
ಲಾಭ, ಎರಡು, ಮೂರು.
ಇಪ್ಪತ್ತಾದರೆ ಗೋಡೆಗೆ ಇದ್ದಿಲಿನ ಗೀಟು, ಮತ್ತೆ ಲಾಭ.
ಸಂಜೆಗೆ ಗೋಡೆ ತುಂಬ ಗೀಟು. ತಪ್ಪಿದ್ದನ್ನು ನಾನು ಕಂಡಿಲ್ಲ.

ಬಯೋಸಿಗೆ ಗೀಟು ಎಳೆಯಲು ಬರದು.
ಅದಕ್ಕೇ ಸುಳ್ಳು ಹೇಳಿದೆ:
ಎರಡನೇ ಕೇಬಲಿನಲ್ಲಿ ಏನೂ ಇಲ್ಲ, ನೋಡಬೇಡ.
ನಿನಗೆ ಗುರುತಿರುವ ಇಪ್ಪತ್ತು ಜಿಬಿಯ ಹಳೇ ಡಿಸ್ಕಿನಿಂದ
ಎಬ್ಬಿಸು, ಸಾಕು.
ಎಬ್ಬಿಸಿತು.
ಎದ್ದ ಕರ್ನೆಲ್ಲು ಯಾರ ಮಾತೂ ಕೇಳದೆ
ತಾನೇ ಹೋಗಿ ಎರಡನೇ ಕೇಬಲು ಮುಟ್ಟಿ ನೋಡಿ ಬರೆಯಿತು:
ತೊಂಬತ್ತೇಳು ಕೋಟಿ ಅರವತ್ತೇಳು ಲಕ್ಷ
ಎಪ್ಪತ್ಮೂರು ಸಾವಿರದ ನೂರಾ ಅರವತ್ತೆಂಟು ಸೆಕ್ಟರು.
ಅದೂ ಒಂದರಿಂದ ಶುರುಮಾಡುವುದಿಲ್ಲ, ಸೊನ್ನೆಯಿಂದ.
ಸೊನ್ನೆಯನ್ನು ಲಾಭ ಎಂದು ಓದಿಕೊಂಡೆ.

ಫಾರ್ಮ್ಯಾಟು ಓಡುವಾಗ ಮಿರ್ಚಿ ಬಂತು.
ಎಣ್ಣೆ ತಾಗದಂತೆ ಕಿರುಬೆರಳಲ್ಲಿ ಎಂಟರ್ ಒತ್ತಿದೆ.

ನೂರಕ್ಕೆ ಐದು ಪಾಲು ಯಜಮಾನನಿಗೆಂದು
ತೆಗೆದಿಟ್ಟಿತ್ತು ಫೈಲ್ ಸಿಸ್ಟಂ. ಅದರ ರೂಢಿ ಅದು.
ಅವ್ವ ಅಳೆದ ನೂರು ಸೇರಿಗೂ ಐದು
ಉದುರಿದ್ದು ಎಂದು ಹಿಡಿಯುತ್ತಿದ್ದ ಭಟ್ಟಿಯವನು.
ಒಂದೇ ಸಾಲಿನ ಆದೇಶ.
ಬಿಡಿಸಿದೆ.

ಆಮೇಲೆ ಕಾಪಿಗೆ ಹಚ್ಚಿದೆ. ಹೆಸರುಗಳು ಓಡಿದವು:
ಹಾಲ್‌ಟಿಕೆಟ್ ಫೈರೋಜಾ, ಆಧಾರ್ ಹನುಮಕ್ಕ,
ಲೈಸೆನ್ಸ್ ಟಿಪ್ಪರ್ ಸಿದ್ಲಿಂಗ,
ಫೈರೋಜಾ ಇನ್ನೊಂದು ಕಣ್ಣು ಮುಚ್ಚಿದ್ದು,
ಮೌಲವ್ವ ರೇಷನ್.

ದಸ್ತಗೀರ ನನ್ನ ಕಡೆ ನೋಡಿದ.
ನೀಲಿ ಪರದೆ, ಕಿವಿಯ ಹಿಂದೆ ತೊಳೆದರೂ ಹೋಗದ ಮಸಿ,
ತೆರೆಯದೆಯೂ ಗೊತ್ತು.
ಆಚೆ ಯಾರೋ ಚೀಲ ಎತ್ತಿ ತೂಕದ ಮೆಷಿನ್ನಿಗೆ ಹಾಕಿದರು,
ಈಗ ಎಣಿಕೆ ಕೇಳಿಸುವುದಿಲ್ಲ.

“ತೆಗೀಲಾ?” ಅಂದ.
“ಬ್ಯಾಡ, ಓಡ್ಲಿ.
ಅಳೆಯೋರನ್ನ ನಡುವೆ ಮಾತಾಡಿಸಬಾರ್ದು.”