ಮನೆಯಲ್ಲಿ ಎಷ್ಟು ಜನ

ಅರ್ಜಿಯ ಮೂರನೇ ಪುಟದಲ್ಲಿ ನಿಂತುಬಿಟ್ಟಿದ್ದಾಳೆ ನೈಮನ್.
ಮನೆಯಲ್ಲಿ ಎಷ್ಟು ಜನ?
ಬೆರಳು ಮಡಿಸುತ್ತಾಳೆ, ಬಿಡಿಸುತ್ತಾಳೆ, ಮತ್ತೆ ಮಡಿಸುತ್ತಾಳೆ.
"ಮಲಗುವವರಾ, ಉಣ್ಣುವವರಾ?"

ನನಗೇನು ಗೊತ್ತು.
ಸ್ಪ್ರಿಂಗ್‌ಡೇಲಿನ ಈ ಲೈಬ್ರರಿಯಲ್ಲಿ ಗುರುವಾರ ಐದರಿಂದ
ದೀಪ ಆರಿಸುವವರೆಗೆ
ಗೊತ್ತಿರುವವಳ ಕುರ್ಚಿಯಲ್ಲಿ ಕೂರುತ್ತೇನೆ, ಅಷ್ಟೆ.

ಕೋಳಿ ಕಾರ್ಖಾನೆಯಲ್ಲಿ ಎರಡನೇ ಪಾಳಿ ಶುರುವಾಗಿದೆ.
ಅವಳ ಅಮ್ಮ ಈಗ ಸಾಲಿನಲ್ಲಿ ನಿಂತು ಕತ್ತರಿಸುತ್ತಿರುತ್ತಾಳೆ
ರೆಕ್ಕೆ, ರೆಕ್ಕೆ, ರೆಕ್ಕೆ.
ಫೋನು ಲಾಕರಿನೊಳಗೆ.
ತೆರಿಗೆಯ ಕಾಗದ ಯಾವ ಡಬ್ಬಿಯಲ್ಲಿದೆ ಎಂದು
ಎಂಟು ಗಂಟೆಯ ಬಿಡುವಿನತನಕ ಕೇಳುವಂತಿಲ್ಲ.

ತಂದೆ ಅಥವಾ ತಾಯಿ, ಎನ್ನುತ್ತದೆ ಇನ್ನೊಂದು ಚೌಕ.
ಹೆತ್ತವಳು ಸರಿ, ಸಾಕಿದ್ದು ಬುಬು.
ನಮ್ಮ ದ್ವೀಪಗಳ ಮಾತಿನಲ್ಲಿ ಬುಬು ಎಂದರೆ ಅಜ್ಜಿ;
ನನ್ನನ್ನು ಸಾಕಿದ್ದೂ ಅಂಥ ಒಬ್ಬಳೇ.
ಕೊಟ್ಟದ್ದೂ ಅಲ್ಲ, ತಂದದ್ದೂ ಅಲ್ಲ,
ಮಗು ಅತ್ತಾಗ ಯಾರ ತೊಡೆ ಬಿಡುವಾಗಿತ್ತೋ ಆ ತೊಡೆ.
ಕಾನೂನು ಕಾಗದ ಕೇಳುತ್ತದೆ.
ತೊಡೆಗೆ ಕಾಗದ ಎಲ್ಲಿಂದ ತರೋಣ?

ಮೇಜಿನ ಆ ತುದಿಯಲ್ಲಿ ರಾನ್ಸನ್, ಪೆನ್ಸಿಲ್ ಕಚ್ಚುತ್ತ.
ನೀವು ದಾಟಿ ಬಂದ ಕಷ್ಟವೊಂದರ ಬಗ್ಗೆ
ಆರುನೂರೈವತ್ತು ಪದ ಮೀರದಂತೆ.
"ಯಾವ ಕಷ್ಟ?" ಎಂದು ನನ್ನನ್ನೇ ಕೇಳುತ್ತಾನೆ.
"ನಾಲ್ಕಕ್ಕೆದ್ದು ತಮ್ಮಂದಿರಿಗೆ ಮಾಡಿಟ್ಟು ಬರುತ್ತೀಯಲ್ಲ?"
ಅವನ ಮುಖ ನೋಡಬೇಕಿತ್ತು,
ಯಾರೋ ಆ ಹುಡುಗರನ್ನು ಬೈದ ಹಾಗೆ.
"ಅದು ಕಷ್ಟ ಅಲ್ಲ," ಎಂದ. "ಅದು ಅನ್ನ."

ಸುಮ್ಮನಾದೆ.
ಹೋದ ವರ್ಷ ಒಬ್ಬಳ ಕೈಲಿ ಬರೆಸಿದ್ದೆ
ಅವಳಪ್ಪನ ಡಯಾಲಿಸಿಸ್ ಬಗ್ಗೆ,
ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು
ತಳ ಕಾಣುವವರೆಗೆ ಸೇದಿ ಸೇದಿ.
ಪೂರ್ತಿ ಫೀಸು ಮಾಫಿಯಾಯಿತು.
ಅಂಗಡಿಯಲ್ಲಿ ನನ್ನ ಕಂಡರೆ ಈಗ
ಸೋಪಿನ ಸಾಲಿನಿಂದ ಬೇರೆ ಸಾಲಿಗೆ ತಿರುಗಿಬಿಡುತ್ತಾಳೆ.
ಅವಳನ್ನು ದೂರುವುದಿಲ್ಲ ನಾನು.

ನನ್ನ ಹತ್ತಿರ ಇರುವುದು ಚಿಲ್ಲರೆ ಮಾತು ಮಾತ್ರ.
ಹಾಸ್ಟೆಲಿನ ಮಂಚ ಉದ್ದ, ಮನೆಯ ಚಾದರ ಸಾಲುವುದಿಲ್ಲ.
ಅರ್ಜಿಯ ಶುಲ್ಕ ಬಿಡಿ ಎಂದು ಕೇಳಬಹುದು, ಅದು ಭಿಕ್ಷೆಯಲ್ಲ.
ಪ್ರೊಫೆಸರರ ಬಾಗಿಲಲ್ಲಿ ಆಫೀಸ್ ಅವರ್ಸ್ ಎಂದಿದ್ದರೆ
ಅವರು ಕೆಲಸದಲ್ಲಿದ್ದಾರೆ, ಮಾತಾಡಿಸಬೇಡ ಎಂದಲ್ಲ.
ನಿನಗಾಗಿ ಕಾಯುತ್ತಿದ್ದಾರೆ ಎಂದು.
ಒಂದಿಡೀ ವರ್ಷ ಆ ಬಾಗಿಲ ಮುಂದೆ
ಚಪ್ಪಲಿ ಸದ್ದಾಗದ ಹಾಗೆ ನಡೆದಿದ್ದೆ ನಾನು,
ಒಳಗೆ ಯಾರೋ ಮಲಗಿದ್ದಾರೆ ಎಂಬಂತೆ.
ನಾಲ್ಕು ವರ್ಷದ ಓದು ನನಗೆ ಹನ್ನೊಂದು ಹಿಡಿಯಿತು.

ಎಂಟೂ ಹತ್ತಕ್ಕೆ ಫೋನು ನಡುಗಿತು.
ಬಿಸ್ಕತ್ತಿನ ನೀಲಿ ಡಬ್ಬಿ, ಎಂದಳು ಅಮ್ಮ ಏದುತ್ತ,
ಫ್ರಿಜ್ ಮೇಲೆ, ಹೊಲಿಗೆ ದಾರದ ಕೆಳಗೆ.
ಆಮೇಲೆ ಎಣಿಸತೊಡಗಿದಳು ಒಬ್ಬೊಬ್ಬರ ಹೆಸರು ಹಿಡಿದು:
ಬುಬು, ಇಬ್ಬರು ಮಾವಂದಿರು, ಅವರ ಮಕ್ಕಳು,
ಶನಿವಾರ ಮಜುರೋದಿಂದ ಇಳಿಯುವ ಲಿಜೊನ್, ಅವಳ ಕೂಸು.
ಅಲ್ಲಿ ಯಂತ್ರದ ಗದ್ದಲ. ಒಂದು ಕ್ಷಣ ಬಿಟ್ಟು,
"ನಿನ್ನನ್ನು ಸೇರಿಸಿದೆಯಾ?"

ಸೇರಿಸಿರಲಿಲ್ಲ.
ಆಗಸ್ಟಿನಲ್ಲಿ ನಾನಿಲ್ಲಿ ಇರುವುದೇ ಇಲ್ಲವಲ್ಲ ಎಂದಳು ನೈಮನ್,
ಅಮ್ಮನಿಗಲ್ಲ, ಫೋನು ಇಟ್ಟ ಮೇಲೆ, ನನಗೆ.

ಯಾರನ್ನು ಬಿಡಬೇಕು, ಯಾರನ್ನು ಇಡಬೇಕು
ಎಂಬ ಜಗಳ ಇನ್ನೂ ಮುಗಿದಿಲ್ಲ.
ಆದರೆ ಅಡಿಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ
ಒಂದು ಸಾಲಿತ್ತು. ಬೆರಳಿಟ್ಟು ಗಟ್ಟಿಯಾಗಿ ಓದಿದೆ:
ಓದಲು ಹೋಗಿ ಬೇರೆ ಕಡೆ ಇದ್ದರೂ
ನಿಮ್ಮನ್ನು ಎಣಿಸಿಕೊಳ್ಳಿ.

ಲೈಬ್ರರಿಯವರು ಹಿಂದಿನ ದೀಪಗಳನ್ನು ಆರಿಸತೊಡಗಿದ್ದರು.
ರಾನ್ಸನ್ನಿನ ಹಾಳೆಯಲ್ಲಿ ಒಂದೇ ಸಾಲು.
ನೀರು ಬೆರಳಿನ ಮೊದಲ ಗೆಣ್ಣಿನವರೆಗೆ ಮಾತ್ರ.
ತಿದ್ದಲಿಲ್ಲ ನಾನು.