ತೊಳೆದ ಎಲೆ, ತೊಳೆಯದ ಎಲೆ

ಇರ್ತಿಶ್ ದಂಡೆಯ ಈ ಊರಲ್ಲಿ
ಸೆಪ್ಟೆಂಬರ್ ಬಂತೆಂದರೆ ನನ್ನ ಕೆಲಸ
ಬೀದಿಬೀದಿಯ ಪಾಪ್ಲರ್ ಮರಗಳ ನಾಡಿ ಹಿಡಿಯುವುದು.
ಒಂದು ಮರಕ್ಕೆ ಮೂವತ್ತು ಎಲೆ,
ಕೈಗೆಟುಕುವ ಕೊಂಬೆಯಿಂದ, ನಾಲ್ಕೂ ದಿಕ್ಕಿಂದ.
ಕಾಗದದ ಚೀಲದ ಮೇಲೆ ಪೆನ್ಸಿಲ್ಲಿನಲ್ಲಿ ನಂಬರು.
ಮಳೆ ಬಿದ್ದರೆ ಶಾಯಿ ಕದಡುತ್ತದೆ,
ಸೀಸದ ಕಡ್ಡಿಯ ಗೆರೆ ಕದಡುವುದಿಲ್ಲ.
(ಸೀಸದ ಕಡ್ಡಿಯಲ್ಲಿ ಸೀಸವಿಲ್ಲ, ಬರೀ ಹೆಸರು.
ಸೀಸ ಬೇರೆ ಕಡೆ ಇದೆ.)

ಪ್ರಯೋಗಾಲಯದಲ್ಲಿ ಎರಡು ಪಾಲು.
ಒಂದನ್ನು ಬಟ್ಟಿ ಇಳಿಸಿದ ನೀರಲ್ಲಿ ಮೂರು ಸಲ
ಹಸುಗೂಸಿನ ಬೆರಳು ತೊಳೆದ ಹಾಗೆ ತೊಳೆಯುತ್ತೇನೆ.
ಇನ್ನೊಂದು ಹಾಗೇ ಇರಲಿ,
ಆಡಿ ಬಂದ ಮಗು ಹೊಸಿಲಲ್ಲಿ ನಿಂತ ಹಾಗೆ.
ಒಣಗಿಸಿ, ಅರೆದು, ಆಮ್ಲದಲ್ಲಿ ಕರಗಿಸಿ
ಜ್ವಾಲೆಯ ಬಾಯಿಗೆ ಕೊಟ್ಟರೆ
ಯಂತ್ರ ನುಡಿಯುತ್ತದೆ:
ಇಷ್ಟು ಸೀಸ, ಇಷ್ಟು ಸತು, ಇಷ್ಟು ಕ್ಯಾಡ್ಮಿಯಮ್.

ತೊಳೆಯದ್ದರಲ್ಲಿ ತೊಳೆದದ್ದನ್ನು ಕಳೆದರೆ
ಅದು ಗಾಳಿಯ ಲೆಕ್ಕ.
ತೊಳೆದ ಮೇಲೂ ಉಳಿದದ್ದು
ಬಹುಪಾಲು ಬೇರಿನ ಲೆಕ್ಕ.

ಬೇರು ಪಾಪ, ಕುಲಗೋತ್ರ ಕೇಳುವುದಿಲ್ಲ.
ಸತುವಿನ ಮುಖವಾಡ ಹಾಕಿ ಕ್ಯಾಡ್ಮಿಯಮ್ ಕದ ತಟ್ಟಿದರೆ
ಅಣ್ಣನೋ ತಮ್ಮನೋ ಇರಬೇಕು, ಬಾ, ಅನ್ನುತ್ತದೆ.

ನಿನ್ನೆ ಬಂದಳು ತೈಸಿಯಾ ಪ್ರೊಕೋಫ್ಯೆವ್ನಾ,
ಕುಲುಮೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು.
ಜಾಮಿನ ಸೀಸೆಯಲ್ಲಿ ಮಣ್ಣು,
ಪತ್ರಿಕೆಯಲ್ಲಿ ಸುತ್ತಿದ ಬೀಟ್‌ರೂಟು, ಒಂದು ಕಟ್ಟು ಸಬ್ಬಸಿಗೆ.
ರೈಲು ಹಳಿಯ ಪಕ್ಕದ ತೋಟ, ಕಾರ್ಖಾನೆಯೇ ಕೊಟ್ಟದ್ದು.
"ನೋಡು ರೈಖಾನ್, ತಿನ್ನಬಹುದೋ ಬಾರದೋ ಅಷ್ಟು ಹೇಳು.
ಕಾರ್ಖಾನೆಯ ಮೇಲೆ ದೂರು ಬರೆಸಬೇಡ.
ಉಪ್ಪು ತಿಂದ ಮನೆ."

ಸಲ್ಫೇಟು, ಕ್ಲೋರೈಡು, ನೈಟ್ರೇಟು,
ಯಾವ ಉಪ್ಪು, ಅಜ್ಜೀ?
ಕೇಳಲಿಲ್ಲ ನಾನು.

ಚಹಾ ಕೊಟ್ಟೆ. ಲೋಟ ಹಿಡಿದುಕೊಂಡೇ ಇದ್ದಳು.
"ಆಗೆಲ್ಲ ಪಾಳಿಗೆ ಅರ್ಧ ಲೀಟರು ಹಾಲು ಪುಕ್ಕಟೆ,
ಹೊಗೆ ಕುಡಿದದ್ದಕ್ಕೆ ಪ್ರತಿಯಾಗಿ.
ನಾನೆಲ್ಲಿ ಕುಡಿದೆ?
ಬಾಟಲಿಯನ್ನು ಕೋಟಿನೊಳಗೆ ಅಪ್ಪಿಕೊಂಡು
ಮನೆಗೆ ಒಯ್ಯುತ್ತಿದ್ದೆ, ಯೆಫಿಮನಿಗೆ.
ಬಾಗಿಲಲ್ಲೇ ಕಾಯುತ್ತಿದ್ದ.
ಮೊದಲು ಕೋಟಿಗೆ ಮುಖ ಒತ್ತಿ ನಗುತ್ತಿದ್ದ,
ಆಮೇಲೆ ಹಾಲು."

ಚೀಲದ ತಳದಿಂದ ಎಳೆದು ಮೇಜಿನ ಮೇಲಿಟ್ಟಳು
ಹತ್ತಿ ತುಂಬಿದ ಬೂದು ಕೋಟು,
ಒಂದು ಗುಂಡಿ ಇಲ್ಲ, ತೋಳಿನ ಅಂಚು ಸುಟ್ಟದ್ದು.
"ಇದನ್ನೂ ಅಳೆಯಲು ಬರುತ್ತದೆಯೇ?
ಎಷ್ಟೋ ಸಲ ಒಗೆದಿದ್ದೇನೆ."

ನಮೂನೆಯಲ್ಲಿ 'ಜಾತಿ' ಅಂತ ಒಂದು ಕಾಲಂ ಇದೆ.
ಪಾಪ್ಲರ್, ಭೂರ್ಜ, ಬೀಟ್‌ರೂಟು, ಸಬ್ಬಸಿಗೆ.
ಅದರ ಕೆಳಗೆ ಕೋಟು ಎಂದು ಬರೆಯುವಾಗ
ಕೈ ತಡೆಯಲಿಲ್ಲ, ಅಕ್ಷರ ಮಾತ್ರ ಯಾಕೋ ಸಣ್ಣದಾಯಿತು.
ಬೆನ್ನ ಕಡೆಯಿಂದ ಒಂದು ತುಂಡು ಕತ್ತರಿಸಲು ಹೋದೆ.
"ಅಲ್ಲಲ್ಲ," ಎಂದಳು, "ಎದೆಯ ಕಡೆ."

ಕಿಟಕಿಯಾಚೆ ಪಾಪ್ಲರ್ ಕೆಳಗೆ ನಿಂತಿದ್ದ ಯೆಫಿಮ್,
ಐವತ್ತು ದಾಟಿದ ದೊಡ್ಡ ಮೈ, ಮಗುವಿನ ಕುತ್ತಿಗೆಪಟ್ಟಿ.
ಮೂರನೆ ಕ್ಲಾಸಿನಲ್ಲಿ ಮೂರು ವರ್ಷ ಕೂತವನು,
ಲೆಕ್ಕ ಹತ್ತಲಿಲ್ಲವಂತೆ.
ತೋಟದಲ್ಲಿ ಮಾತ್ರ ಅವನ ಕೈ ಬಂಗಾರ:
ಮಣ್ಣಿಗೆ ಬೆರಳಿಟ್ಟರೆ ಸಾಕು, ಮೊಳೆಯುತ್ತದೆ.
ಏನು ಮೊಳೆಯುತ್ತದೆ ಎಂಬುದು ಇನ್ನು ಯಂತ್ರದ ಮಾತು,
ಗುರುವಾರದ ನಂತರ.

ಬೀಳ್ಕೊಡಲು ಅಂಗಳಕ್ಕಿಳಿದರೆ
ಎರಡು ಮುಷ್ಟಿ ಮುಂದೆ ಚಾಚಿದ.
ನಾನು ಎಲೆ ಕೀಳುವುದನ್ನು ಎಲ್ಲಿಂದಲೋ ನೋಡಿದ್ದನೇನೋ,
ತಾನೂ ಕಿತ್ತಿದ್ದ,
ಒಂದೂ ಹರಿಯದಂತೆ, ತೊಟ್ಟು ಸಮೇತ.
"ಮೂವತ್ತು," ಎಂದ. "ಎಣಿಸಿದ್ದೇನೆ."

ಒಳಗೆ ಬಂದು ಹರಡಿದೆ. ಇಪ್ಪತ್ತಾರು.
ಇನ್ನೊಮ್ಮೆ ಎಣಿಸಿದೆ.

ಚೀಲದ ಮೇಲೆ ಮೂವತ್ತು ಎಂದೇ ಬರೆದೆ,
ಪೆನ್ಸಿಲ್ಲಿನಲ್ಲಿ.