ಎರಡೂ ಕಡೆಯ ಮೊಳೆ

ರಾತ್ರಿ ಎರಡೂವರೆ. ತೂಕದ ಮನೆಯ ಮರಿಸ್ವಾಮಿ ಫೋನಿನಲ್ಲಿ:
"ದೀಪ ಉರೀತಾ ಐತೆ ಮೇಡಂ, ಚೀಟಿ ಮಾತ್ರ ಬತ್ತಾ ಇಲ್ಲ.
ಬಂದ್ರೂ ತುಂಡು ತುಂಡು, ಬಿಕ್ಕಳಿಕೆ ಹಿಡಿದೋನ ಮಾತಿನಂಗೆ."

ಮಂಡ್ಯದಿಂದ ಹದಿನೆಂಟು ಕಿಲೋಮೀಟರು, ಸ್ವೆಟರಿನ ಒಳಗೂ ಚಳಿ.
ಫ್ಯಾಕ್ಟರಿ ಗೇಟಿನಿಂದ ನಾಲೆಯ ಏರಿವರೆಗೆ ಟ್ರ್ಯಾಕ್ಟರು,
ಒಂದರ ಬಾಲಕ್ಕೆ ಇನ್ನೊಂದರ ಮೂತಿ.
ಕಡಿದ ಕಬ್ಬು ಗಂಟೆಗಂಟೆಗೂ ಹಗುರಾಗುತ್ತದೆ.
ಡ್ರೈವರುಗಳು ಆ ಲೆಕ್ಕವನ್ನು ಜೋರಾಗಿಯೇ ಹಾಕುತ್ತಿದ್ದರು,
ನನಗೆ ಕೇಳಲಿ ಅಂತ.

ಮೇಜಿನ ಕೆಳಗೆ ಮಂಡಿಯೂರಿದೆ.
ಜೇಡರ ಬಲೆ, ಕಾಕಂಬಿ ವಾಸನೆ, ಬೀಡಿ ತುಂಡು.
ವೈರು ಗಟ್ಟಿ. ಪಿನ್ನು ಸರಿ.
ಹಸಿರು ದೀಪ ಮಿಟುಕಿಸಿತು,
ಒಳಗೆ ಜಗಳವಾಡಿದವರು ನೆಂಟರ ಮುಂದೆ ನಗುವ ಹಾಗೆ.

ಸ್ವಿಚ್ಚು ಹೊಸದು. ಹೋದ ವಾರ ಕರೆಂಟು ಏರಿಳಿದು ಹಳೆಯದು ಸುಟ್ಟಿತ್ತು,
ನಾನೇ ತಂದು ಕೂರಿಸಿದ್ದೆ.
ಹೊಸದಕ್ಕೆ ಒಂದು ಮರ್ಯಾದೆ ಗೊತ್ತು:
ವೈರು ಚುಚ್ಚಿದ ಕೂಡಲೇ ಕೆಲಸಕ್ಕೆ ಇಳಿಯುವುದಿಲ್ಲ.
ಮೊದಲು ಬಾಗಿಲು ಬಡಿಯುತ್ತದೆ, ಟಕ ಟಕ ಟಕ,
ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಹತ್ತು ಬಾರಿ:
ನನಗೆ ಹತ್ತು ಬರುತ್ತೆ, ನೂರು ಬರುತ್ತೆ, ಸಾವಿರವೂ ಬರುತ್ತೆ,
ಹೇಳುತ್ತಲೇ ಕೇಳಬಲ್ಲೆ, ಬೇಕಾದರೆ ಸರದಿಯಲ್ಲೂ ನಿಲ್ಲಬಲ್ಲೆ.
ನಿನಗೇನು ಬರುತ್ತೆ?
ಆಚೆಯದೂ ಹಾಗೇ ಬಡಿಯಬೇಕು.
ಮೂರು ಸಲ ಅದೇ ಮಾತು ಕಿವಿಗೆ ಬಿದ್ದ ಮೇಲೆ
ಒಂದು ಹೂಂ.
ಇಬ್ಬರಿಗೂ ಬರುವುದರಲ್ಲಿ ದೊಡ್ಡದು ಯಾವುದೋ ಅದಕ್ಕೆ ಸಹಿ.

ತೂಕದ ಕಂಪ್ಯೂಟರು ಬಡಿಯಲೇ ಇಲ್ಲ.
ಅದರ ಬೆನ್ನ ಮೇಲೆ ಹಳದಿ ಟೇಪು, ಬಾಲ್ ಪೆನ್ನಿನ ದುಂಡಕ್ಷರ:
"೧೦೦. ಫುಲ್. ಮುಟ್ಟಬೇಡಿ. ಫಯಾಜ್."

ಫಯಾಜಣ್ಣ ರಿಟೈರಾಗಿ ಮಳವಳ್ಳಿಯಲ್ಲಿ
ಮಿಕ್ಸಿ ರಿಪೇರಿ ಮಾಡುತ್ತಾನೆ. ಎಬ್ಬಿಸಿದೆ.
ಬೈಯಲಿಲ್ಲ. ಕೆಮ್ಮಿ ಹೇಳಿದ:
"ಆಗಿನ ಡಬ್ಬಕ್ಕೆ ಸರಿಯಾಗಿ ಮಾತು ಬರ್ತಿರಲಿಲ್ಲ ಕಣಮ್ಮ,
ಎರಡೂ ಕಡೆ ನಾನೇ ಮೊಳೆ ಹೊಡೆದಿದ್ದೆ.
ಹದಿಮೂರು ವರ್ಷ ಅಲ್ಲಾಡಲಿಲ್ಲ.
ನೀನು ಒಂದು ಕಡೇದು ಕಿತ್ತಿದೀಯ."

ಬೆಪ್ಪಾಗಿ ಕೂತೆ.
ಉತ್ತರ ಬರದಿದ್ದಾಗ ಹೊಸ ಸ್ವಿಚ್ಚು
ವೈರಿನ ಸದ್ದಿನಿಂದ ವೇಗವನ್ನೇನೋ ಗುರುತು ಹಿಡಿದಿತ್ತು.
ನೂರು, ಸರಿ.
ರಸ್ತೆ ಎಷ್ಟು ಅಗಲ ಎಂದು ಸದ್ದು ಹೇಳುವುದಿಲ್ಲ.
ಸಂಕೋಚದವರು ಮಾಡುವುದನ್ನೇ ಮಾಡಿತು:
ಕಿರಿದು ಅಂದುಕೊಂಡಿತು.
ನಾಲೆಯ ಹಳೇ ಸೇತುವೆಯಂತೆ, ಸಲಕ್ಕೆ ಒಂದೇ ಗಾಡಿ,
ಎದುರು ಯಾರೂ ಇಲ್ಲವೆಂದರೆ ಮಾತ್ರ ಹೆಜ್ಜೆ.
ತೂಕದ ಕಂಪ್ಯೂಟರಿಗೋ ಅದು ಮೈಸೂರು ಹೆದ್ದಾರಿ.
ಎದುರು ನೋಡುವುದೇ ಇಲ್ಲ, ನುಗ್ಗುತ್ತದೆ.
ಅರ್ಧ ದಾಟಿದ ಸ್ವಿಚ್ಚು ಡಿಕ್ಕಿ, ಡಿಕ್ಕಿ ಎಂದು ಕೂಗಿ
ಹೊತ್ತದ್ದನ್ನು ಅಲ್ಲೇ ಚೆಲ್ಲಿ ಹಿಂದೆ ಸರಿಯುತ್ತದೆ.
ಬಂಡಿ ವಿರಳವಾದ ದಿನ ಇದು ಕಾಣುವುದಿಲ್ಲ.
ನಾನು ಪರೀಕ್ಷೆ ಮಾಡಿದ ಮಧ್ಯಾಹ್ನ ಎಲ್ಲ ಚೆನ್ನಾಗಿತ್ತು,
ಚಹಾ ಕುಡಿದು ಬಿಲ್ಲಿಗೆ ಸಹಿಯನ್ನೂ ಹಾಕಿಸಿದ್ದೆ.

ಟೇಪು ಕೀಳಲಿಲ್ಲ. ಕೆಳಗೆ ನನ್ನದೊಂದು ಸಾಲು, ತಾರೀಖು.
ಮೊಳೆ ಕಿತ್ತೆ.
ದೀಪ ಆರಿತು.
ಮರಿಸ್ವಾಮಿ "ಅಯ್ಯಯ್ಯೋ" ಅಂದ.
ಎರಡು ಸೆಕೆಂಡು, ಅಥವಾ ಮೂರು.
ಒಳಗೆ ಬಡಿಯುತ್ತಿರಬೇಕು, ಕೇಳುವ ಕಿವಿ ನಮಗಿಲ್ಲ.
ಹತ್ತಿತು.
ಪ್ರಿಂಟರು ಗಂಟಲು ಸರಿ ಮಾಡಿಕೊಂಡು ಮೊದಲ ಚೀಟಿ ಕೊಟ್ಟಿತು:
ಹನ್ನೊಂದು ಟನ್ನು, ನಾನೂರ ಇಪ್ಪತ್ತು ಕೇಜಿ.

"ಏನ್ ಕೆಟ್ಟಿತ್ತು?"
"ಏನೂ ಕೆಟ್ಟಿರಲಿಲ್ಲ."
ಅವನು ನಂಬಲಿಲ್ಲ.

ಬೆಳಗಿನ ಜಾವ, ಸ್ಕೂಟರು, ಅದೇ ಸೇತುವೆ.
ಎದುರು ತುದಿಯಲ್ಲಿ ಖಾಲಿ ಟ್ರ್ಯಾಕ್ಟರೊಂದು.
ಇಬ್ಬರೂ ನಿಂತೆವು. ಇಬ್ಬರೂ ಹೊರಟೆವು.
ಇಬ್ಬರೂ ನಿಂತೆವು.
ಅವನು ಲೈಟು ಆರಿಸಿ ಹಚ್ಚಿದ. ಮತ್ತೊಮ್ಮೆ. ಮತ್ತೊಮ್ಮೆ.
ನಾನು ಹಾರನ್ ಒತ್ತಿದೆ,
ಒಂದೇ ಸಲ, ಸಣ್ಣಗೆ.